ಮಳೆಗೆ ಕಾಲ ಸೇರಿದರೆ ‘ಗಾಲ’ ಯಾಕೆ? ಮಕ್ಕಳಿಗೆ ಕೂಡುಪದ ಕಲಿಸುವ ಆಟ

ವಿಜಯಪುರದ ನಮ್ಮ ಓಣಿಯ ಹುಡುಗಿಯೊಬ್ಬಳು, ಒಂದನೇ ತರಗತಿಯವಳು, ಕೈಯಲ್ಲಿ ಎರಡು ಚೀಟಿ ಹಿಡಿದುಕೊಂಡು ನಮ್ಮ ಕಟ್ಟೆ ಹತ್ತಿ ಬಂದಳು. ಒಂದರ ಮೇಲೆ ‘ಮಳೆ’, ಇನ್ನೊಂದರ ಮೇಲೆ ‘ಗಾಲ’. “ಅಕ್ಕೋರ, ಗಾಲ ಅಂದ್ರ ಏನ್ರಿ? ಗಾಲಿ ಏನ್ರಿ?” ಎಂದು ಕೇಳಿದಳು.

ಹುಡುಗಿಯ ಪ್ರಶ್ನೆ ಸರಿ, ಚೀಟಿಯೇ ತಪ್ಪು. ಮಳೆಯೂ ಕಾಲವೂ ಕೂಡಿ ಮಳೆಗಾಲವಾಗುತ್ತದೆ. ಕೂಡಿದ ಮೇಲೆ ಹುಟ್ಟುವ ‘ಗ’ವನ್ನು ಕೂಡುವ ಮೊದಲೇ ಬರೆದು ಕೊಟ್ಟರೆ ಮಗುವಿಗೆ ಸಿಗುವುದು ಅರ್ಥವಿಲ್ಲದ ಚೂರು. ಇದನ್ನು ಶಾಲೆಯಲ್ಲೂ ಮನೆಯಲ್ಲೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲಿಗೆ ಹೋದಾಗ ತತ್ಪುರುಷ, ಕರ್ಮಧಾರಯ ಎಂದು ಎಂಟು ಸಮಾಸ ಬಾಯಿಪಾಠ ಮಾಡುವ ಮಕ್ಕಳು ಪದ ಬಿಡಿಸುವಾಗ ಎಡವುವುದು ಇದೇ ಜಾಗದಲ್ಲಿ. ಆದ್ದರಿಂದ ಐದರಿಂದ ಏಳು ವರ್ಷದೊಳಗೆ, ಸಮಾಸ ಎಂಬ ಹೆಸರನ್ನೇ ಎತ್ತದೆ, ಆಟದಲ್ಲಿ ದಾಟಿಸಿಬಿಡಿ.

ಬೇಕಾಗುವ ಸಾಮಾನು: ಹಳೆಯ ಲಗ್ನಪತ್ರಿಕೆ ನಾಲ್ಕೈದು, ಕತ್ತರಿ, ದಪ್ಪ ಪೆನ್ನು, ಅನ್ನದ ಅಗಳು. ಲಗ್ನಪತ್ರಿಕೆಯ ಬೆನ್ನು ಖಾಲಿ ಇರುತ್ತದೆ, ಕಾಗದವೂ ಗಟ್ಟಿ. ಅಂಗಡಿಯ ಹೊಳೆಯುವ ಕಾರ್ಡು ಕೊಳ್ಳಬೇಡಿ. ಒಂದು ಡಬ್ಬಿ ಬಿಚ್ಚಿ ನೋಡಿದೆ, ‘ಬೆಣ್ಣೆ + ನೊಣ = ಚಿಟ್ಟೆ’ ಎಂದಿತ್ತು. ಇಂಗ್ಲಿಷಿನ ಪದ ಒಡೆದು ಕನ್ನಡ ಅಕ್ಷರ ತೊಡಿಸಿದ್ದಾರೆ, ಅಷ್ಟೇ. ನಮ್ಮ ಮಕ್ಕಳಿಗೆ ಅದು ಪಾತರಗಿತ್ತಿ, ಬೆಣ್ಣೆಗೂ ಅದಕ್ಕೂ ಸಂಬಂಧವಿಲ್ಲ.

ಮೊದಲು ಕಾಗದವೇ ಬೇಡ, ವಸ್ತು ಹಿಡಿಯಿರಿ. ಸಂತೆಯ ಕೈಚೀಲ, ಶಾಲೆಯ ಕಾಲುಚೀಲ, ಕಡ್ಡಿಪೆಟ್ಟಿಗೆ (ಕಡ್ಡಿ ತೆಗೆದು ಖಾಲಿ ಮಾಡಿ ಕೊಡಿ), ತಲೆದಿಂಬು. ಕಾಲುಚೀಲವನ್ನು ಮಗುವಿನ ಕೈಗೆ ತೊಡಿಸಿ, “ಈಗ ಇದು ಕೈಚೀಲ ಆತೇನು?” ಎಂದು ಕೇಳಿ. ಮಗು ನಗುತ್ತದೆ, ಆಮೇಲೆ ವಾದಕ್ಕೆ ಇಳಿಯುತ್ತದೆ. ಆ ವಾದದಲ್ಲೇ ಪಾಠ ಇದೆ: ಎರಡೂ ಚೀಲವೇ, ಯಾವ ಚೀಲ ಅನ್ನುವುದನ್ನು ಮೊದಲಿನ ಪದ ಹೇಳುತ್ತದೆ. ಹಲ್ಲು ಅಲ್ಲಾಡುತ್ತಿರುವ ವಯಸ್ಸಿನವರಾದರೆ ‘ಹಾಲುಹಲ್ಲು’ ಅವರ ಬಾಯಲ್ಲೇ ಸಿದ್ಧವಿದೆ.

ಎರಡನೆಯದು ತಿರುವು ಆಟ. ಮನೆ, ದೇವರು, ಅಡುಗೆ ಎಂದು ಮೂರು ಚೀಟಿ ಬರೆಯಿರಿ. ಅಡುಗೆಮನೆ ಎಂದರೆ ಒಲೆ ಇರುವ ಕೋಣೆ, ತಿರುಗಿಸಿದರೆ ಮನೆಯಡುಗೆ, ಅದು ತಟ್ಟೆಗೆ ಬರುತ್ತದೆ. ದೇವರಮನೆ ಎಂದರೆ ದೀಪ ಹಚ್ಚುವ ಕೋಣೆ, ತಿರುಗಿಸಿದರೆ ಮನೆದೇವರು, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹೋಗುವ ಗುಡಿಯ ದೇವರು. ಮಗು ಎದ್ದು ಆ ಕೋಣೆಗೆ ಓಡಿ ಹೋಗಿ ಮುಟ್ಟಿ ಬರಲಿ.

ಇನ್ನು ಆಟ ಕೆಡುವ ಹಂತ, ಕ ಗ ಆಗುವುದು. ಇಲ್ಲಿ ಅವಸರ ಮಾಡಬೇಡಿ, ಒಂದು ವಾರ ಹಿಡಿದರೂ ಹಿಡಿಯಲಿ.

‘ಕಾಲ’ ಎಂದು ಒಂದು ಚೀಟಿ ಬರೆಯಿರಿ. ‘ಕಾ’ ಅಕ್ಷರದಷ್ಟೇ ಅಗಲದ ತೆಳುವಾದ ಪಟ್ಟಿ ಕತ್ತರಿಸಿ ಅದರ ಮೇಲೆ ‘ಗಾ’ ಬರೆದು, ಪಟ್ಟಿಯ ಮೇಲಂಚನ್ನು ಮಾತ್ರ ಚೀಟಿಯ ಮೇಲಂಚಿಗೆ ಅಂಟಿಸಿ. ಎತ್ತಿ ಹಿಂದಕ್ಕೆ ಮಡಿಚಿದರೆ ‘ಕಾಲ’ ಕಾಣಬೇಕು, ಮುಂದಕ್ಕೆ ಇಳಿಬಿಟ್ಟರೆ ‘ಗಾಲ’ ಕಾಣಬೇಕು. ಅನ್ನದ ಅಗಳೇ ಸಾಕು. ಟೇಪು ಹಚ್ಚಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಂಚು ಎದ್ದು ಧೂಳು ಹಿಡಿಯುತ್ತದೆ. ಕೆಲವರು ‘ಕಾ’ ಮೇಲೆ ಗೀಟು ಹೊಡೆದು ‘ಗಾ’ ಬರೆಯುತ್ತಾರೆ, ಹಾಗೆ ಮಾಡಲೇಬಾರದು. ಕ ಎಲ್ಲೂ ಹೋಗಿಲ್ಲ, ಪಟ್ಟಿಯ ಅಡಿಯಲ್ಲೇ ಇದೆ ಎಂದು ಮಗು ತನ್ನ ಬೆರಳಿನಿಂದ ಎತ್ತಿ ನೋಡಬೇಕು.

ಈಗ ಪಟ್ಟಿ ಹಿಂದೆ ಮಡಿಚಿ ‘ಮಳೆ’ ಪಕ್ಕಕ್ಕೆ ‘ಕಾಲ’ ಇಡಿ. ನೀವು ಓದಿ ಹೇಳಬೇಡಿ. ಮಗುವೇ ನಿಧಾನವಾಗಿ ಒಮ್ಮೆ, ಇನ್ನಷ್ಟು ಬೇಗ ಒಮ್ಮೆ, ಅವ್ವನ ಜೊತೆ ಮಾತಾಡುವಷ್ಟೇ ಬೇಗ ಒಮ್ಮೆ ಹೇಳಲಿ. ಮೂರನೇ ಸಲಕ್ಕೆ ನಾಲಿಗೆ ತಾನಾಗಿ ‘ಮಳಿಗಾಲ’ ಅನ್ನುತ್ತದೆ. ಆಗ “ಏನೋ ಬದಲಾತಲ್ಲ, ಯಾವ ಅಕ್ಷರ?” ಎಂದು ಕೇಳಿ ಪಟ್ಟಿಯನ್ನು ಅವರ ಕೈಯಿಂದಲೇ ಇಳಿಸಿ. ‘ಮಳಿ’ ಅಂದರೆ ತಿದ್ದಬೇಡಿ. ಚೀಟಿಯ ಮೇಲೆ ಮಳೆ ಇರಲಿ, ಬಾಯಲ್ಲಿ ಮಳಿ ಇರಲಿ. ಈ ಹೊತ್ತಿನಲ್ಲಿ ಉಚ್ಚಾರ ತಿದ್ದಲು ಹೊರಟರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ವ್ಯತ್ಯಾಸ ಕೇಳಿಸದ ಮಕ್ಕಳೂ ಇರುತ್ತಾರೆ. ಅವರಿಗೆ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಳ್ಳಲು ಹೇಳಿ, ‘ಕ್’, ‘ಗ್’ ಎಂದು ಬರೀ ವ್ಯಂಜನ ನುಡಿಸಿ. ಗ್ ಅಂದಾಗ ತಲೆಯೊಳಗೆ ದುಂಬಿ ಹೊಕ್ಕಂತೆ ಗುಂಯ್ ಅನ್ನುತ್ತದೆ, ಕ್ ಅಂದಾಗ ಇಲ್ಲ. ‘ಕಾ’, ‘ಗಾ’ ಎಂದು ಸ್ವರ ಸೇರಿಸಿದರೆ ಎರಡರಲ್ಲೂ ಗುಂಯ್ ಬಂದು ಆಟ ಕೆಡುತ್ತದೆ. ಮಳೆಯ ಕೊನೆಗೆ ಸ್ವರ, ಕಾಲದ ಕ ಆದ ಮೇಲೆ ಮತ್ತೆ ಸ್ವರ. ಎರಡು ಸ್ವರಗಳ ನಡುವೆ ಸಿಕ್ಕ ಕ ಕೂಡ ಆ ಗುಂಯ್ ಹಿಡಿದು ಗ ಆಗುತ್ತದೆ. ಇದು ನಿಮ್ಮ ತಿಳಿವಳಿಕೆಗೆ, ಮಗುವಿಗೆ ವಿವರಿಸಬೇಡಿ.

ನಿಯಮವನ್ನೂ ಹೇಳಬೇಡಿ, ಯಾಕೆಂದರೆ ಅದು ಎಲ್ಲ ಕಡೆ ನಡೆಯುವುದಿಲ್ಲ. ಮಳೆಗಾಲ, ಚಳಿಗಾಲ ಸರಿ, ಬೇಸಿಗೆಗೆ ಸೇರಿದರೆ ಕಾಲ ಕಾಲವೇ. ಕೈಕಾಲು ಕೈಗಾಲು ಆಗುವುದಿಲ್ಲ. ನನಗೆ ಅತ್ಯಂತ ಪ್ರೀತಿಯ ಉದಾಹರಣೆ ನಮ್ಮ ಒಲೆಯ ಮೇಲೇ ಇದೆ. ಪಟ್ಟಿ ಹಚ್ಚಿದ ‘ಕಾಯಿ’ ಚೀಟಿ ಮಾಡಿ, ಬದನೆ ಪಕ್ಕಕ್ಕೆ ಇಡಿ: ಬದನೆಕಾಯಿ, ಪಟ್ಟಿ ಇಳಿಯಲಿಲ್ಲ. ಬೆಂಡೆ, ಸೌತೆ, ಇಳಿಯಲಿಲ್ಲ. ಎಣ್ಣೆ ಪಕ್ಕಕ್ಕೆ ಇಡಿ: ಎಣ್ಣೆಗಾಯಿ! ಅದೇ ಬದನೆಕಾಯಿಯನ್ನು ಸೀಳಿ ಶೇಂಗಾ, ಎಳ್ಳಿನ ಮಸಾಲೆ ತುಂಬಿ ಬಾಣಲೆಗೆ ಹಾಕಿದಾಗ ಅದರ ಕಾಯಿ ಗಾಯಿ ಆಯಿತು. ಪಕ್ಕದ ಮನೆಯ ಹುಡುಗನೊಬ್ಬ ರೊಟ್ಟಿ ಕೈಯಲ್ಲಿ ಹಿಡಿದೇ ಪಟ್ಟಿಯನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿದ. ಕಾಗದಕ್ಕೆ ಎಣ್ಣೆ ಹತ್ತಿತು, ಆ ಚೀಟಿಯನ್ನು ಇನ್ನೂ ಇಟ್ಟಿದ್ದೇನೆ.

ಹೀಗೇ ತ ದ ಆಗುವ, ಪ ಬ ಆಗುವ ಪದಗಳು ಈ ವಯಸ್ಸಿಗೆ ಬೇಡವೇ ಬೇಡ. ಕಣ್ಣೀರು, ಮುಂಗಾರಿ, ಹಿಂಗಾರಿಯಂಥ ಪದಗಳಲ್ಲಿ ಮೊದಲ ಪದವೂ ಸವೆದಿರುತ್ತದೆ, ಅವನ್ನು ಮೂರನೇ ತರಗತಿಗೆ ಬಿಡಿ.

ಆಟ ಹಿಡಿದ ಮೇಲೆ ಮಕ್ಕಳು ಎಲ್ಲವನ್ನೂ ಒಡೆಯಲು ಶುರುಮಾಡುತ್ತಾರೆ. ರೊಟ್ಟಿಗಿಟ್ಟಿ ಎಂದು ತಂದರೆ, “ರೊಟ್ಟಿ ಇಲ್ಲದ, ಗಿಟ್ಟಿ ತೋರ್ಸು” ಅನ್ನಿ, ಸಾಕು. ಊರ ಹೆಸರು ಮಾತ್ರ ದೊಡ್ಡವರೂ ಎಚ್ಚರದಿಂದ ಮುಟ್ಟಬೇಕು. ಬಾಗಲಕೋಟೆ ಎಂದರೆ ಬಾಗಿಲು + ಕೋಟೆ ಎಂದು ಹಲಗೆಯ ಮೇಲೆ ಬರೆದದ್ದನ್ನು ನೋಡಿ ಸಂಕಟವಾಯಿತು. ಶಾಸನಗಳಲ್ಲಿ ಆ ಊರು ಬಾಗಡಿಗೆ. ಇವತ್ತಿನ ರೂಪ ನೋಡಿ ಕತ್ತರಿ ಹಾಕಿದರೆ ಇಲ್ಲದ ಕಥೆ ಹುಟ್ಟುತ್ತದೆ.

ಧೈರ್ಯವಾಗಿ ಒಡೆಯಬಹುದಾದದ್ದು ನಮ್ಮ ಗೋಳಗುಮ್ಮಟ. ಕಲಸಿದ ಹಿಟ್ಟಿನ ಉಂಡೆ ಕೊಟ್ಟು ಗೋಳ ಮಾಡಿಸಿ, ದಾರದಿಂದ ಅರ್ಧಕ್ಕೆ ಕೊಯ್ದು ಕಡ್ಡಿಪೆಟ್ಟಿಗೆಯ ಮೇಲೆ ಬೋರಲು ಹಾಕಿಸಿ. ಆಮೇಲೆ ಒಂದು ಭಾನುವಾರ ಅಲ್ಲಿಗೇ ಕರೆದುಕೊಂಡು ಹೋಗಿ. 1656ರ ಕಟ್ಟಡ, ಮುಹಮ್ಮದ್ ಆದಿಲ್ ಶಾಹನ ಸಮಾಧಿ ಎಂಬುದೆಲ್ಲ ಇನ್ನೊಮ್ಮೆ ಹೇಳಿದರಾಯಿತು. ಗುಮ್ಮಟದೊಳಗಿನ ಸುತ್ತುಜಗಲಿಗೆ ಹತ್ತಿಸಿ, ಮಗು ಗೋಡೆಗೆ ಬಾಯಿ ಇಟ್ಟು “ಮಳೆ” ಅನ್ನಲಿ. ಆಚೆ ಬದಿಯಲ್ಲಿ ಗೋಡೆಗೆ ಕಿವಿ ಇಟ್ಟು ನಿಂತ ನೀವು “ಕಾಲ” ಅನ್ನಿ. ಕೂಡಿಸಿ ಕೂಗುವ ಕೆಲಸ ಮಗುವಿನದು.