ಸರ್ಜರಿ ರೆಸಿಡೆನ್ಸಿಯೇ ಗುರಿಯಾದರೆ ಎಲ್ಲಿಂದ ಶುರು ಮಾಡಬೇಕು?

ಶಸ್ತ್ರಚಿಕಿತ್ಸಾ ವಿಭಾಗದ ರೆಸಿಡೆನ್ಸಿ (ವೈದ್ಯ ಪದವಿಯ ನಂತರದ ತಜ್ಞ ತರಬೇತಿ) ಸೀಟುಗಳು ಕಡಿಮೆ, ಬಯಸುವವರು ಬಹಳ. ಹಾಗಾಗಿ ವಿದ್ಯಾರ್ಥಿಗಳು ಪರೀಕ್ಷೆಯ ಅಂಕವೊಂದನ್ನೇ ನೆಚ್ಚಿಕೊಳ್ಳುತ್ತಾರೆ. ಅಂಕ ಬೇಕೇ ಬೇಕು, ಆದರೆ ಅದು ಬಾಗಿಲವರೆಗೆ ಮಾತ್ರ. ಶಿಫಾರಸು ಪತ್ರ ಮತ್ತು ಸಂದರ್ಶನಕ್ಕೆ ಬೆಲೆಯಿರುವ ಕಡೆಗಳಲ್ಲಿ, ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಹಿರಿಯರ ಮಾತೇ ನಿಮ್ಮನ್ನು ಒಳಗೆ ಕರೆದೊಯ್ಯುತ್ತದೆ. ಆದ್ದರಿಂದ ತಯಾರಿ ಕೊನೆಯ ವರ್ಷಕ್ಕೆ ಕಾಯಬಾರದು.

ಮೊದಲು ಅಂಗರಚನಾಶಾಸ್ತ್ರ. ಪರೀಕ್ಷೆಗೆ ಓದಿ ಮರೆತದ್ದನ್ನು ಈಗ ಆಪರೇಷನ್ನಿನ ಕಣ್ಣಿನಿಂದ ಮತ್ತೆ ಓದಿ. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆಯುವುದನ್ನೇ ತೆಗೆದುಕೊಳ್ಳಿ. ಪಿತ್ತಕೋಶದ ನಾಳವನ್ನು ಕತ್ತರಿಸುವ ಮುನ್ನ ಮೂರು ಸಂಗತಿ ಖಚಿತವಾಗಬೇಕು: ಪಿತ್ತಕೋಶದ ಕತ್ತಿನ ಬಳಿಯ ತ್ರಿಕೋನದಲ್ಲಿ ಕೊಬ್ಬು, ನಾರು ಉಳಿದಿರಬಾರದು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬಿಡಿಸಿರಬೇಕು, ಪಿತ್ತಕೋಶಕ್ಕೆ ಸೇರುವ ರಚನೆಗಳು (ಅದರ ನಾಳ ಮತ್ತು ಅಪಧಮನಿ) ಎರಡೇ ಕಾಣಬೇಕು. ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ವಿವರಿಸಿದ್ದು ಪಿತ್ತನಾಳಕ್ಕೆ ಗಾಯವಾಗುವುದನ್ನು ತಪ್ಪಿಸಲೆಂದು. ಇಷ್ಟನ್ನು ಹಿಂದಿನ ರಾತ್ರಿ ಓದಿಕೊಂಡು ಹೋದರೆ, ಸರ್ಜನ್ ಯಾಕೆ ಅಷ್ಟು ಹೊತ್ತು ಒಂದೇ ಜಾಗದಲ್ಲಿ ನಿಂತಿದ್ದಾರೆ ಎಂಬುದು ನಿಮಗೆ ಅರ್ಥವಾಗುತ್ತದೆ. ನಿಮ್ಮ ಪ್ರಶ್ನೆಯೂ ಬೇರೆಯಾಗುತ್ತದೆ.

ಕೈಯ ಅಭ್ಯಾಸವನ್ನು ಜೊತೆಜೊತೆಗೇ ಶುರು ಮಾಡಿ. ಕುರ್ಚಿಯ ಕಾಲಿಗೆ ದಾರ ಕಟ್ಟಿಕೊಂಡರೂ ಗಂಟು ಕಲಿಯಬಹುದು. ಪ್ರತಿ ಸುತ್ತಿಗೂ ಎಳೆಯುವ ದಿಕ್ಕು ಬದಲಾಗಬೇಕು, ಇಲ್ಲದಿದ್ದರೆ ಗಂಟು ಜಾರುತ್ತದೆ. ನೈಲಾನ್‌ನಂಥ ನುಣುಪು ದಾರಕ್ಕೆ ರೇಷ್ಮೆಗಿಂತ ಹೆಚ್ಚು ಸುತ್ತು ಬೇಕು. ಹೊಲಿಗೆ ಹಾಕುವಾಗ ಸೂಜಿಯನ್ನು ತುದಿಯಿಂದ ಸುಮಾರು ಮೂರನೇ ಎರಡು ಭಾಗದಷ್ಟು ಹಿಂದೆ ಹಿಡಿಯಿರಿ. ಅದು ಚರ್ಮಕ್ಕೆ ಲಂಬವಾಗಿ ಇಳಿಯಲಿ. ಆಮೇಲೆ ನೂಕಬೇಡಿ, ಸೂಜಿಯ ಬಾಗಿಗೆ ತಕ್ಕಂತೆ ಮಣಿಕಟ್ಟನ್ನು ತಿರುಗಿಸಿ. ವೇಗದ ಹಿಂದೆ ಓಡುವವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. ಒಂದೇ ಅಂತರದ, ಒಂದೇ ಬಿಗಿಯ ಹೊಲಿಗೆ ಬರಲಿ, ವೇಗ ತಾನಾಗಿ ಬರುತ್ತದೆ. ಎಡಗೈಯನ್ನೂ ಬಿಡಬೇಡಿ.

ಆಪರೇಷನ್ ಥಿಯೇಟರಿಗೆ ಹೋದಾಗ ಶಸ್ತ್ರಚಿಕಿತ್ಸೆ ಆರಂಭವಾಗುವ ಮೊದಲೇ ಅಲ್ಲಿರಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯ ಪ್ರಕಾರ, ಚರ್ಮ ಕೊಯ್ಯುವ ಮುನ್ನ ತಂಡದ ಎಲ್ಲರೂ ತಮ್ಮ ಹೆಸರು, ಪಾತ್ರ ಹೇಳಬೇಕು. ನೀವೂ ಸ್ಪಷ್ಟವಾಗಿ ಹೇಳಿ. ಶುದ್ಧ ಉಪಕರಣಗಳನ್ನು ನೋಡಿಕೊಳ್ಳುವ ಸ್ಕ್ರಬ್ ನರ್ಸ್ ಹೇಳಿದ್ದನ್ನು ಮರುಮಾತಿಲ್ಲದೆ ಪಾಲಿಸಿ. ಯಾವುದಾದರೂ ತಾಗಿ ಕೈಗವಸು ಅಶುದ್ಧವಾಯಿತೆಂಬ ಅನುಮಾನ ಬಂದರೂ ಕೂಡಲೇ ತಿಳಿಸಿ. ಅದನ್ನು ಮುಚ್ಚಿಡುವ ವಿದ್ಯಾರ್ಥಿಯನ್ನು ಯಾರೂ ನಂಬುವುದಿಲ್ಲ.

ಬಹಳ ಮಂದಿ ಕಡೆಗಣಿಸುವುದು ವಾರ್ಡನ್ನು. ಆಪರೇಷನ್ ನೋಡಿ ಮನೆಗೆ ಹೋಗುವವರು ಅರ್ಧ ಸರ್ಜರಿಯನ್ನಷ್ಟೇ ಕಲಿಯುತ್ತಾರೆ. ನೀವು ನೋಡಿದ ರೋಗಿಯನ್ನು ಬಿಡುಗಡೆಯವರೆಗೂ ಹಿಂಬಾಲಿಸಿ. ಬೆಳಗಿನ ರೌಂಡ್ಸ್‌ಗೆ ಮುಂಚೆ ನಾಡಿ, ಜ್ವರ, ಡ್ರೈನಿನಲ್ಲಿ (ಗಾಯದ ದ್ರವ ಹೊರಹಾಕುವ ಕೊಳವೆ) ಬರುವ ದ್ರವದ ಬಣ್ಣ ಮತ್ತು ಪ್ರಮಾಣ ನೋಡಿಕೊಳ್ಳಿ. ಮೂತ್ರದ ಪ್ರಮಾಣವನ್ನಂತೂ ತಪ್ಪದೆ ನೋಡಿ: ವಯಸ್ಕರಲ್ಲಿ ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಲೀಟರಿಗಿಂತ ಕಡಿಮೆಯಾದರೆ ರೆಸಿಡೆಂಟ್‌ಗೆ ತಿಳಿಸಿ. ಇಂಥ ವಿದ್ಯಾರ್ಥಿಯ ಹೆಸರು ತಂಡಕ್ಕೆ ಬೇಗ ಬಾಯಿಪಾಠವಾಗುತ್ತದೆ.

ಸಂಶೋಧನೆಯಲ್ಲಿ ಅರ್ಧಕ್ಕೆ ನಿಂತ ಐದು ಕೆಲಸಗಳಿಗಿಂತ ಮುಗಿದ ಒಂದು ಕೆಲಸ ಮೇಲು. ಒಬ್ಬ ರೋಗಿಯ ಕುರಿತ ಪ್ರಕರಣ ವರದಿಯಾದರೂ ಆದೀತು, ರೋಗಿಯ ಒಪ್ಪಿಗೆ ಲಿಖಿತವಾಗಿರಲಿ.

ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರಲ್ಲಿ ಕೇಳುವುದಕ್ಕಿಂತ ನಿಮ್ಮನ್ನು ಬಲ್ಲವರಲ್ಲಿ ಕೇಳಿ, ಕಡೇಪಕ್ಷ ಒಂದು ತಿಂಗಳು ಮುಂಚೆ. ಸಂದರ್ಶನಕ್ಕೆ ನೀವು ಹಿಂಬಾಲಿಸಿದ ಎರಡು ಪ್ರಕರಣಗಳನ್ನು ಸಿದ್ಧಮಾಡಿಕೊಳ್ಳಿ. ಅವುಗಳಲ್ಲಿ ಒಂದಾದರೂ ತೊಡಕು ಉಂಟಾದದ್ದಿರಲಿ. ಏನಾಯಿತು, ಯಾರು ಮೊದಲು ಗುರುತಿಸಿದರು, ತಂಡ ಏನು ಬದಲಿಸಿತು ಎಂಬುದನ್ನು ಎರಡು ನಿಮಿಷದಲ್ಲಿ ಹೇಳಿ ನಿಲ್ಲಿಸಿ. ಉಳಿದದ್ದನ್ನು ಅವರೇ ಕೇಳುತ್ತಾರೆ.