ದೂರದ ಕೋಣೆಯ ಸ್ಮಾರ್ಟ್ ಸ್ಪೀಕರ್‌ಗೆ 2.4 ಗಿಗಾಹರ್ಟ್ಸ್ ಕೊಡಿ

ಅಡುಗೆಮನೆಯ ಸ್ಮಾರ್ಟ್ ಸ್ಪೀಕರ್ ಹಾಡಿನ ಮಧ್ಯೆ ನಿಂತುಹೋಗುತ್ತಿದ್ದರೆ, ರೌಟರ್ ಸೆಟ್ಟಿಂಗ್ಸ್‌ನಲ್ಲಿ ವೈಫೈನ ಎರಡು ತರಂಗಗಳಾದ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿಟ್ಟು, ಸ್ಪೀಕರನ್ನು 2.4ಕ್ಕೆ ಸೇರಿಸಿ. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಅದು ಬೇಗ ಸೊರಗುತ್ತದೆ. ಅದರಲ್ಲೂ ನಮ್ಮ ಕಡೆಯ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳಲ್ಲಿ. ಹಾಡಿಗೆ ಸಾಮಾನ್ಯವಾಗಿ ಸೆಕೆಂಡಿಗೆ 320 ಕಿಲೋಬಿಟ್ ಇದ್ದರೆ ಸಾಕು, ಅಲ್ವಾ? ಸ್ಪೀಕರ್‌ಗೆ ಬೇಕಿರುವುದು ವೇಗವಲ್ಲ, ಕಡಿಯದ ಸಿಗ್ನಲ್. ಒಂದು ಎಚ್ಚರಿಕೆ: ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆಂದು ಇರುವ ಬೇರೆ ವೈಫೈ) ಮಾತ್ರ ಸ್ಪೀಕರನ್ನು ಹಾಕಬೇಡಿ, ಹಾಕಿದರೆ ಎಷ್ಟೋ ರೌಟರ್‌ಗಳಲ್ಲಿ ಫೋನಿಗೆ ಸ್ಪೀಕರ್ ಕಾಣುವುದೇ ಇಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದವರೆಲ್ಲ 2.4ರಲ್ಲೇ ಇದ್ದರೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆಗ ರೌಟರ್ ಸೆಟ್ಟಿಂಗ್ಸ್‌ನಲ್ಲಿ 2.4ರ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ ನೋಡಿ. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ತರಂಗದಲ್ಲಿ ಕೆಲಸ ಮಾಡುತ್ತದೆ, ಹಾಗಾಗಿ ಸ್ಪೀಕರನ್ನು ಅದರಿಂದ ಒಂದೆರಡು ಮೀಟರ್ ದೂರ ಇಡಿ. ರೌಟರ್ ಕಬ್ಬಿಣದ ಬೀರುವಿನ ಹಿಂದೆ ಕೂತಿದ್ದರೆ ಮೊದಲು ಅದನ್ನು ಹೊರಗೆ ತನ್ನಿ. ನಡುವೆ ಎರಡು ಮಹಡಿಯ ಕಾಂಕ್ರೀಟ್ ಇದ್ದರೆ ಸುಮ್ನೆ ಸೆಟ್ಟಿಂಗ್ಸ್ ಬದಲಿಸುತ್ತಾ ಕೂರಬೇಡಿ, ಕೇಬಲ್ ಎಳೆದು ಮೇಲೊಂದು ಆಕ್ಸೆಸ್ ಪಾಯಿಂಟ್ (ಅಲ್ಲಿಂದ ವೈಫೈ ಹರಡುವ ಪೆಟ್ಟಿಗೆ) ಹಾಕಿಸಿ.