ಮುರುಗಲು ಪಾನಕ ಮತ್ತು ಕ್ಲಿಪ್ಪಿನ ರಬ್ಬರ್: ನನ್ನ ಅನುಭವ

ಶಿರಸಿಯಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ವೃತ್ತಿಯಲ್ಲಿರುವ ನಾನು, ಬೇಸಿಗೆಯಲ್ಲಿ ಪವರ್ ಚೈನ್, ಅಂದರೆ ಹಲ್ಲುಗಳನ್ನು ಎಳೆದು ಸರಿಸಲು ಕ್ಲಿಪ್ಪಿಗೆ ಸಿಕ್ಕಿಸುವ ರಬ್ಬರ್ ಸರಪಳಿ, ಬೇಗ ಸಡಿಲವಾಗುವುದಕ್ಕೆ ಮನೆಮನೆಯ ಅಪ್ಪೆಹುಳಿ (ಮಾವಿನಕಾಯಿಯ ಹುಳಿ ಸಾರು), ಮುರುಗಲು (ಕೋಕಂ) ಪಾನಕಗಳೇ ಕಾರಣವೆಂದು ಬಹುಕಾಲ ನಂಬಿದ್ದೆ. ಅದೇ ನಂಬಿಕೆಯಲ್ಲಿ ಎಷ್ಟೋ ಮಕ್ಕಳನ್ನು ಗದರಿಸಿದ್ದೂ ಉಂಟು. ಒಮ್ಮೆ ಹುಡುಗಿಯೊಬ್ಬಳ ತಾಯಿ, “ಡಾಕ್ಟ್ರೇ, ಇವಳು ಹುಳಿ ಮುಟ್ಟದೆ ತಿಂಗಳಾಯಿತು, ಆದರೂ ರಬ್ಬರ್ ಸಡಿಲವಾಗಿದೆಯಲ್ಲ” ಎಂದಾಗ ಉತ್ತರ ಹೊಳೆಯಲಿಲ್ಲ.

ಪರೀಕ್ಷಿಸಿಯೇ ನೋಡೋಣವೆಂದು, ರಿಟೇನರ್‌ಗೆ (ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಾಕುವ ಸಾಧನಕ್ಕೆ) ಬಳಸುವ ಅಕ್ರಿಲಿಕ್‌ನಿಂದ ಪುಟ್ಟ ಹಲಗೆಗಳನ್ನು ಮಾಡಿ, ತಂತಿಯ ತುಂಡುಗಳನ್ನು ಗೂಟದಂತೆ ನಿಲ್ಲಿಸಿ, ಒಂದೇ ಸುರುಳಿಯಿಂದ ಕತ್ತರಿಸಿದ ಚೈನ್ ತುಂಡುಗಳನ್ನು ಸಮಾನ ಅಂತರಕ್ಕೆ ಎಳೆದು ಸಿಕ್ಕಿಸಿದೆ. ಎಲ್ಲವನ್ನೂ 37 ಡಿಗ್ರಿ ನೀರಿನಲ್ಲಿಟ್ಟು, ಒಂದು ಹಲಗೆಯನ್ನು ಬಿಟ್ಟು ಉಳಿದವನ್ನು ದಿನಕ್ಕೆರಡು ಸಲ ಐದೈದು ನಿಮಿಷ ಕೋಲಾ, ಅಪ್ಪೆಹುಳಿ, ಮುರುಗಲು ಪಾನಕಗಳಲ್ಲಿ ಅದ್ದಿ ತೊಳೆಯುತ್ತಿದ್ದೆ. ಪಾನಕವನ್ನು ದಿನವಿಡೀ ಬಾಯಲ್ಲಿಟ್ಟುಕೊಳ್ಳುವವರು ಯಾರೂ ಇಲ್ಲವಷ್ಟೆ. ಮುರುಗಲಿನ ಕೆಂಪು ಪಿಎಚ್ ಪಟ್ಟಿಗೇ ಹತ್ತಿಬಿಟ್ಟು, ಅದರ ಹುಳಿಯನ್ನು ಅಳೆಯುವುದಕ್ಕೇ ಆಗಲಿಲ್ಲ.

ಮರುದಿನ ಬಲಮಾಪಕಕ್ಕೆ ಸಿಕ್ಕಿಸಿ ನೋಡಿದರೆ, ಬರೀ ನೀರಿನಲ್ಲಿದ್ದ ತುಂಡೂ ಸೇರಿ ಎಲ್ಲವೂ ಸುಮಾರು ಅರ್ಧದಷ್ಟು ಬಲ ಕಳೆದುಕೊಂಡಿದ್ದವು. ಪಾಲಿಯುರೆಥೇನ್ ಚೈನ್ ಎಳೆದಿಟ್ಟಲ್ಲೇ ಸೋಲುತ್ತದೆ. ಒದ್ದೆ ಮತ್ತು ಶಾಖ ಅದನ್ನು ಚುರುಕುಗೊಳಿಸುತ್ತವೆ. ನಾಲ್ಕು ವಾರ ಕಳೆದ ಮೇಲೂ ನೀರಿಗೂ ಹುಳಿಗೂ ಇದ್ದ ಅಂತರ ನನ್ನ ಕೈತಪ್ಪಿನಲ್ಲೇ ಮುಚ್ಚಿಹೋಗುವಷ್ಟು ಸಣ್ಣದು. ತುಂಡುಗಳು ಕೆಲವೇ ಇದ್ದುದರಿಂದ ಇದನ್ನು ಸಂಶೋಧನೆಯೆಂದು ಕರೆಯಲಾರೆ. ಆದರೂ ಗದರಿಸುವುದನ್ನು ಬಿಟ್ಟೆ.

ಬಣ್ಣದ ಮಾತು ಬೇರೆ. ಪಾರದರ್ಶಕ ಚೈನ್ ಮುರುಗಲಿನಲ್ಲಿ ಮಾಸಿದ ಗುಲಾಬಿ ದಾರದಂತಾಯಿತು. ಸಾಂಬಾರಿನ ಅರಿಶಿನವಂತೂ ಒಂದೇ ಊಟದಲ್ಲಿ ಹಳದಿ ಮಾಡುತ್ತದೆ.

ಹುಳಿಗೆ ನಿಜವಾಗಿ ಬಲಿಯಾಗುವುದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್. ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಅದು ಕರಗತೊಡಗುತ್ತದೆ, ಕೋಲಾದ ಪಿಎಚ್ ಎರಡೂವರೆಯ ಆಸುಪಾಸಿನದು. ಹಲ್ಲಿಗೆ ಅಂಟಿಸಿದ ಕ್ಲಿಪ್ಪಿನ ಬಿಲ್ಲೆಯ (ಬ್ರಾಕೆಟ್ಟಿನ) ಸುತ್ತ ಸೇರುವ ಕೊಳೆಯೂ ಆಮ್ಲ ಹುಟ್ಟಿಸುವುದರಿಂದ ಅಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಮೂಡುತ್ತದೆ. ಆದ್ದರಿಂದ ಪಾನಕವನ್ನು ಗುಟುಕು ಗುಟುಕಾಗಿ ಎಳೆಯದೆ ಊಟದೊಂದಿಗೇ ಕುಡಿದು ಮುಗಿಸಿ, ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ನಂತರವೇ ಹಲ್ಲುಜ್ಜಬೇಕೆಂದು ಹೇಳುತ್ತೇನೆ. ಚೈನ್ ವಿಷಯದಲ್ಲಿ ಪಟ್ಟು ಹಿಡಿಯುವುದು ನಾಲ್ಕು ವಾರದ ಭೇಟಿಗೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಬರಲಾಗದೆ ಎರಡು ತಿಂಗಳು ತಡವಾದವರ ಬಾಯಲ್ಲಿ ಅದು ಇದ್ದೂ ಇಲ್ಲದಂತೆ.

ಆ ಹುಡುಗಿಗೆ ಈಗ ಬೂದು ಬಣ್ಣದ ಚೈನ್ ಹಾಕುತ್ತೇನೆ. ಮುರುಗಲಿನ ಕಲೆ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.